ಅಂಗಿಗೆ ಕೊಂಬು

ನಮ್ಮ ಗುಪ್ತ ಚಳವಳಿಯ ಮಾತೆತ್ತಿದರೆ ಜನ ಭಾಷಣ ಮಾಡಿದವರನ್ನೇ ಹೊಗಳುತ್ತಾರೆ. ಲಾಂಡ್ರಿ ಅಕ್ಕ ಭಾಷಣ ಕೇಳಿದರೆ ಆಕಳಿಸುತ್ತಿದ್ದಳು. ಸರ್ಕಾರ ಪತ್ರಿಕೆಗಳ ಬಾಯಿ ಹೊಲಿದ ಮೇಲೆ ನಾವು ಕರಪತ್ರ ಅಚ್ಚು ಹಾಕುತ್ತಿದ್ದದ್ದು ಅವಳ ಅಂಗಡಿಯ ಹಿಂದಿನ ಓಣಿಯ ಒಂದು ಕೋಣೆಯಲ್ಲಿ. ಓಣಿಗೆ ತಿರುಗುವ ಮೊದಲು ಅವಳ ಅಂಗಡಿ ಮುಂದಿನ ಬಟ್ಟೆ ತಂತಿ ನೋಡಬೇಕು. ಲಾಂಡ್ರಿಯಲ್ಲಿ ಅಂಗಿ ಒಣಗುವುದು ತಲೆಕೆಳಗಾಗಿ, ಕ್ಲಿಪ್ಪು ಕೆಳಗಿನ ಅಂಚಿಗೆ. ಹೆಗಲಿಗೆ ಕ್ಲಿಪ್ಪು ಹಾಕಿದ್ದರೆ ಅಪಾಯ. ತಿರುಗದೆ ಮುಂದೆ ನಡೆಯಬೇಕು.

ಒಂದು ಮಧ್ಯಾಹ್ನ ಬಾಯಿ ಬಿಗಿಯಿಲ್ಲದ ಪೇದೆಯೊಬ್ಬ ಹೂವಿನ ಅಂಗಿ ತೊಟ್ಟು ಬಂದು, ಬೆವರು ನಾರುವ ಖಾಕಿ ಅಂಗಿಯನ್ನು ಮೇಜಿನ ಮೇಲೆಸೆದ.

"ಏನಣ್ಣ, ಮದುಮಗನ ಥರ ಹೊರಟಿದ್ದೀಯ?"

"ಮಫ್ತಿ ಕಣಮ್ಮ. ಹಿಂದಿನ ಓಣಿ ಕೋಣೇಲಿ ಸಾಹೇಬ್ರು ಹೊಂಚು ಹಾಕಿ ಕೂತಿದ್ದಾರೆ. ನಾನಿಲ್ಲೇ ಕೂತು ಬರೋರನ್ನ ನೋಡ್ಬೇಕು."

ಅಕ್ಕ ಅದೇ ಖಾಕಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಹೆಗಲಿಗೆ ಕ್ಲಿಪ್ಪು ಹಾಕಿ ಬಂದಳು. ಇಸ್ತ್ರಿಪೆಟ್ಟಿಗೆ ಕೈಗೆತ್ತಿಕೊಳ್ಳುವಷ್ಟರಲ್ಲಿ ಅವಳ ಅತ್ತೆ ಹೊರಗೆ ಬಂದರು. ಆ ಮುದುಕಿಗೆ ನಮ್ಮ ವ್ಯವಹಾರ ಗೊತ್ತಿಲ್ಲ, ಲಾಂಡ್ರಿ ಗೊತ್ತು.

"ಯಾವ ಮೂದೇವಿ ಹೀಗೆ ಹಾಕಿದ್ದು? ಹೆಗಲಿಗೆ ಕೊಂಬು ಬರುತ್ತೆ!" ಎಂದು ಕಿತ್ತು, ತಿರುಗಿಸಿ ಹಾಕಿದರು.

ಅಕ್ಕ ಓಡಿಬಂದು ಮತ್ತೆ ತಿರುಗಿಸಿದಳು. "ನಾನು ಒಗೆದದ್ದು ನನ್ನಿಷ್ಟದ ಹಾಗೆ ಒಣಗಲಿ ಅತ್ತೆ."

"ನಿನ್ನಿಷ್ಟ ನಿನ್ನ ಜಡೇಲಿ ತೋರಿಸು. ಇದು ಗಿರಾಕೀದು!"

"ಅಜ್ಜಿ ಹೇಳೋದೇ ಸರಿ, ಅದು ನನ್ನ ಅಂಗಿ ಕಣಮ್ಮ!" ಪೇದೆ ಒಳಗಿನಿಂದ ಕೂಗಿದ.

"ಸುಮ್ನಿರಣ್ಣ, ಕೊಂಬು ನಿನಗೆ ಒಪ್ಪುತ್ತೆ."

ಬೀದಿ ನಕ್ಕಿತು. ಶಾಯಿ ಡಬ್ಬಿಗಳ ಚೀಲ ಹಿಡಿದು ನಾನು ತಿರುವಿಗೆ ಬಂದದ್ದು ಆಗಲೇ. ಅತ್ತೆ ಅಂಚು ಹಿಡಿದು ಜಗ್ಗುತ್ತಿದ್ದರು. ಕ್ಲಿಪ್ಪು ಹಾರಿಹೋಗಿತ್ತು, ಅಕ್ಕ ಅಂಗಿಯ ಎರಡು ಹೆಗಲನ್ನೂ ಮುಷ್ಟಿಯಲ್ಲಿ ತಂತಿಗೆ ಒತ್ತಿ ನಿಂತಿದ್ದಳು. ತೋಳಿನ ಹೊಲಿಗೆ ಪರ್‍ರೆಂದು ಬಿಟ್ಟಿತು. ಅವಳು ಬಿಡಲಿಲ್ಲ.

ನಾನು ತಿರುಗದೆ ನೆಟ್ಟಗೆ ನಡೆದೆ. ನನ್ನ ಹಿಂದೆ ಬಂದ ಗೆಳೆಯರೂ ಅಷ್ಟೇ.

ಸಂಜೆ ಸಾಹೇಬರು ನಮ್ಮ ಅಚ್ಚಿನ ಯಂತ್ರವನ್ನು ಲಾಂಡ್ರಿಯ ಮುಂದೆಯೇ ಹೊರಿಸಿಕೊಂಡು ಹೋದರು. ಯಂತ್ರ ಹೋಯಿತು, ಜನ ಉಳಿದರು. ಅತ್ತೆ ಯಂತ್ರ ನೋಡಿದರು, ತಂತಿ ನೋಡಿದರು, ಸೊಸೆಯ ಮುಖ ನೋಡಿದರು. ಕಿತ್ತ ತೋಳಿಗೆ ಹೊಲಿಗೆ ಹಾಕಲು ಕೂತು ಹೇಳಿದರು:

"ಇನ್ನೊಂದ್ಸಲ ಹೆಗಲಿಗೆ ಹಾಕೋ ಕೆಲಸ ಇದ್ರೆ ಮೊದಲೇ ಬೊಗಳು. ನಾನೇ ಹಾಕ್ತೀನಿ. ನಿನ್ನ ಕ್ಲಿಪ್ಪು ಸಡಿಲ."