ಹುಲಿಗೆಮ್ಮನ ಎಡಕ್ಕೆ ಮಮತಾ

ಯಮನೂರಮ್ಮ ಮಮತಾಳನ್ನು ಮೊದಲು ಕಂಡಿದ್ದು ಆಗಸ್ಟ್ ತಿಂಗಳ ಒಂದು ಸೋಮವಾರ, ತುರ್ವಿಹಾಳದ ಹೊರಗಿನ ಗದ್ದೆಯಲ್ಲಿ. ಕೆನಾಲಿನ ನೀರು ಬಂದು ಗದ್ದೆ ತುಂಬ ಮುಗಿಲು ಬಿದ್ದಿತ್ತು. ವಳಕಮದಿನ್ನಿಯಿಂದ ಟಂಟಂ ಆಟೋದಲ್ಲಿ ಬಂದ ಹೆಂಗಸರು ನೆಲ್ಲು ಹಚ್ಚಲು ಇಳಿದರೆ, ಮುಗಿಲಿನ ಮೇಲೇ ಕಾಲಿಟ್ಟಂತೆ ಕಾಣುತ್ತಿತ್ತು.

ಆ ಗುಂಪಿಗೆ ಯಮನೂರಮ್ಮನೇ ಮೇಸ್ತ್ರಿ. ಗಂಡ ತೀರಿದ ಮರುವರ್ಷ ಮೊಣಕಾಲು ಹೋದವು. ಅಂದಿನಿಂದ ಹದಿನೆಂಟು ವರ್ಷ ಬದುವಿನ ಮೇಲೆ ನಿಂತೇ ಸಾಲು ಕಾಯುತ್ತಿದ್ದಾಳೆ. ಆ ದಿನ ಒಬ್ಬಾಕೆಗೆ ಜ್ವರ. ಅವಳ ಬದಲಿಗೆ ಬಂದವಳು ತುರ್ವಿಹಾಳದ ಕುರಿಗಾರ ಸಿದ್ದರಾಮನ ಮಗಳು ಮಮತಾ. ಪಿಯುಸಿ ಮುಗಿಸಿದ ಹುಡುಗಿ, ನೆಲ್ಲಿನ ಅಗಿಸಸಿಯ ಕಟ್ಟನ್ನು ಹಸುಗೂಸಿನ ಹಾಗೆ ಎದೆಗೆ ಅವಚಿಕೊಂಡಿದ್ದಳು.

ಒಬ್ಬಳು ಬದಲಾದರೆ ಇಡೀ ಸಾಲು ಬದಲಾಗಬೇಕು. ದ್ಯಾವಮ್ಮ, ಹುಲಿಗೆಮ್ಮ ನೆಗೆಣ್ಣಿಯರು; ನಾಲ್ಕು ವರ್ಷದಿಂದ ಮಾತಿಲ್ಲ, ನಡುವೆ ಮೂವರಾದರೂ ಬೇಕು. ಶಿವಕುಮಾರಿ ಎಡಚಿ, ಅವಳನ್ನು ತುದಿಗೆ ನಿಲ್ಲಿಸದಿದ್ದರೆ ಪಕ್ಕದವಳಿಗೆ ಮೊಣಕೈ ಬಡಿಯುತ್ತದೆ. ಹೊಸಬಳ ಎರಡೂ ಕಡೆ ಕೈಚುರುಕಿನವರಿರಬೇಕು. ಅವಳು ಹಿಂದೆ ಬಿದ್ದರೆ ಅವಳ ಪಾಲಿನ ನಾಲ್ಕು ಅಗಿ ಅವರೇ ಊರುತ್ತಾರೆ.

"ಶಿವಕುಮಾರಿ ತುದಿಗೆ. ದ್ಯಾವಿ ಅತ್ಲಾಗ. ಹುಡುಗಿ, ನೀ ಹುಲಿಗೆಮ್ಮನ ಎಡಕ್ಕ ಬಾ" ಎಂದಳು ಯಮನೂರಮ್ಮ. ಕೈ ಮಾಡಿ ತೋರಿಸಿದಳು. ಸಾಲು ನಿಂತಿತು.

ಮಮತಾ ಬಗ್ಗಲೇ ಇಲ್ಲ. "ಆಯಿ, ಇದನ್ನ ಒಂದ ಉಸಿರಿನ್ಯಾಗ ಹ್ಯಾಂಗ ಮಾಡಿದಿ?"

"ಏನ್ ಮಾಡೀನಿ ಬೇ? ಹೆಂಗಸರನ್ನ ನಿಂದರ್ಸೀನಿ."

"ನಮ್ಮ ಪರೀಕ್ಷ್ಯಾಗ ಇದಕ್ಕ ಮಾರ್ಕ್ಸ್ ಕೊಡ್ತಾರ."

"ಹಂಗಾದ್ರ ನಮ್ಮ ಮೇಸ್ತ್ರಿ ಇಷ್ಟೊತ್ತಿಗೆ ಜಡ್ಜ್ ಆಗ್ಬೇಕಿತ್ತು ನೋಡು" ಎಂದಳು ಹುಲಿಗೆಮ್ಮ. ನೆಗೆಣ್ಣಿ ಅಂದ ಮಾತು ಎಂಬುದನ್ನೂ ಮರೆತು ದ್ಯಾವಮ್ಮ ನಕ್ಕುಬಿಟ್ಟಳು.

ಬುತ್ತಿ ಬಿಚ್ಚುವ ಹೊತ್ತಿಗೆ ಮಮತಾ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಸ್ತಕ ತೆಗೆದಳು. ಕಾನೂನು ಕಾಲೇಜಿಗೆ ಸೇರುವ ಪರೀಕ್ಷೆ, ಡಿಸೆಂಬರಿನಲ್ಲಿ, ಕಲಬುರಗಿಯಲ್ಲಿ. ಅವಳ ತಾಯಿ ಒಮ್ಮೆ ಸಿಂಧನೂರಿನ ಕೋರ್ಟಿನ ಕಟ್ಟೆಯ ಮೇಲೆ, ಮನೆಗೆ ಬಂದ ನೋಟೀಸಿನ ಕಾಗದವನ್ನು ತಲೆಕೆಳಗಾಗಿ ಹಿಡಿದುಕೊಂಡು ಸಂಜೆಯವರೆಗೆ ಕೂತಿದ್ದಳಂತೆ. ಪಕ್ಕದಲ್ಲಿದ್ದ ಹುಡುಗಿಗೆ ಅಂದೇ ಈ ಹಟ ಹುಟ್ಟಿತು. ಅಪ್ಪ ಮಾತು ಕೊಟ್ಟಿದ್ದ: "ಒಂದ ಸಲ. ಆಗ್ಲಿಲ್ಲಂದ್ರ ಸಂಕ್ರಾಂತಿ ಆದ ಮ್ಯಾಲ ಸಿಂಧನೂರಿನ ರೈಸ್ ಮಿಲ್ಲಿಗೆ ಚೀಲ ಹೊಲಿಯಾಕ ಹೋಗ್ಬೇಕು." ಮಿಕ್ಕಿದ್ದೆಲ್ಲ ಬರುತ್ತಿತ್ತು. ಸಾಲಿನ ಒಗಟುಗಳು ಮಾತ್ರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

"ಆರು ಮಂದಿ ವಕೀಲರು ಉತ್ತರಕ್ಕ ಮುಖ ಮಾಡಿ ನಿಂತಾರ. ಎ ಅನ್ನಾವ ಬಿ ಬಾಜೂಕ ಇಲ್ಲ..."

"ಯಾಕ ಇಲ್ಲ? ಜಗಳೇನು?"

"ಅದನ್ನ ಬರದಿಲ್ಲ ಆಯಿ."

"ಹೋಗ್ಲಿ ಬಿಡು. ಜಗಳ ಐತಿ ಅನ್ನೋದಾರ ಗೊತ್ತಾತಲ್ಲ."

ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದುವಷ್ಟೇ ಯಮನೂರಮ್ಮನ ಓದು. ಸೆರಗಿನ ಗಂಟು ಬಿಚ್ಚಿ ಆರು ಹುಣಸೆಬೀಜ ಬದುವಿನ ಮೇಲಿಟ್ಟಳು. "ಜಾಗ ಬಿಟ್ಟು ಅಲುಗಾಡದಾಕೀನ ಮೊದ್ಲು ನಿಂದರ್ಸು. ಆಮ್ಯಾಗ ಜಗಳದವರು. ಎಲ್ಲಿ ನಿಂದರ್ಸಿದ್ರೂ ಹೂಂ ಅನ್ನಾಕಿ ಕಡೀಗೆ."

ಬೀಜಗಳು ಒಂದೊಂದಾಗಿ ಜಾಗ ಹಿಡಿದವು. ಮಮತಾ ಪುಸ್ತಕ ಬದಿಗಿಟ್ಟು ನೋಡಿದಳು.

ಅಂದಿನಿಂದ ಅವಳು ಗುಂಪು ಬಿಡಲಿಲ್ಲ. ನಾಟಿ ಮುಗಿಯಿತು, ಕಳೆ ತೆಗೆಯುವ ದಿನ ಬಂದವು, ಬೀಜಗಳು ಕೈಯಾಡಿ ನುಣುಪಾದವು. ಮಧ್ಯಾಹ್ನದ ಬಿಸಿಲಿಗೆ ಜೊಂಪು ಹತ್ತಿದರೆ ಯಮನೂರಮ್ಮನಿಗೆ ಕರಿಕೋಟಿನ ಆರು ಮಂದಿ ಧೋತರ ಮೇಲೆ ಕಟ್ಟಿ ನೀರಿನಲ್ಲಿ ನಿಂತಿದ್ದು ಕಾಣುತ್ತಿತ್ತು. ಅವರ ನಡುವೆ ಬೆಳ್ಳಕ್ಕಿಗಳು ಅಡ್ಡಾಡುತ್ತಿದ್ದವು.

ಭಾನುವಾರಗಳಂದು ಮಮತಾ ಮಸ್ಕಿ ದಾಟಿ ಲಿಂಗಸುಗೂರಿನ ಕೋಚಿಂಗಿಗೆ ಹೋಗುತ್ತಿದ್ದಳು. ಅಕ್ಟೋಬರಿನಲ್ಲಿ ಅಲ್ಲಿ ಪರೀಕ್ಷೆಯ ತಾಲೀಮು ನಡೆಯಿತು. ಮರುದಿನ ಬಂದವಳು ಬುತ್ತಿ ಬಿಚ್ಚಲಿಲ್ಲ.

"ಎಡ-ಬಲ ಕೇಳಿದ ಒಂಬತ್ತೂ ತಪ್ಪು ಆಯಿ. ಒಂಬತ್ತೂ! ನಡುವ ಯಾರು ಅಂತ ಕೇಳಿದ್ವು ಅಷ್ಟ ಸರಿ ಅದಾವ. ನಿನ್ನ ಬೀಜದ ಲೆಕ್ಕ ಸುಳ್ಳು." ಅಂದಳು, ಅಂದ ಮೇಲೆ ಅತ್ತಳು.

ಯಮನೂರಮ್ಮ ಬೀಜಗಳನ್ನು ಅಂಗೈಗೆ ಎತ್ತಿಕೊಂಡಳು. ಹದಿನೆಂಟು ವರ್ಷದಲ್ಲಿ ಅವಳ ಸಾಲು ಒಮ್ಮೆಯೂ ತಪ್ಪಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿ ಕೂತಿದೆ? ಮೂರು ದಿನ ಬೀಜ ಇಟ್ಟಳು, ತೆಗೆದಳು. ನಾಲ್ಕನೆಯ ದಿನ ಸೀರೆ ಎತ್ತಿ ಕಟ್ಟಿ, ನೋಯುವ ಕಾಲಿನಲ್ಲೇ ಗದ್ದೆಗೆ ಇಳಿದಳು.

"ಮೇಸ್ತ್ರಿಗೆ ಹುಚ್ಚು ಹಿಡದೈತಿ" ಎಂದಳು ದ್ಯಾವಮ್ಮ.

"ಹಚ್ಚೋವಾಗ ನಿಂತಿದ್ರಲ್ಲ, ಹಂಗ ನಿಂದರ್ರಿ" ಎಂದಳು ಯಮನೂರಮ್ಮ. ಅವರು ಬದುವಿಗೆ ಮುಖ ಮಾಡಿ ಸಾಲಾದರು. ನೆಲ್ಲು ಹಚ್ಚುವವರು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರೆ, ಹಚ್ಚಿದ್ದು ಎದುರಿಗೆ, ಅದರಾಚೆ ಮೇಸ್ತ್ರಿ. ಯಮನೂರಮ್ಮ ಸಾಲಿನ ನಡುವೆ, ಅವರಂತೆಯೇ ಬದುವಿಗೆ ಮುಖ ಮಾಡಿ ನಿಂತಳು. ಹುಲಿಗೆಮ್ಮನ ಎಡಕ್ಕೆ ಮಮತಾ. ಆ ಎಡ ಈಗ ಮೇಸ್ತ್ರಿಯ ಎಡಗೈ ಕಡೆಗೇ ಇತ್ತು. ಬದುವಿನಿಂದ ಅದನ್ನು ತೋರಿಸುತ್ತಿದ್ದದ್ದು ಬಲಗೈ.

ತಂಪು ನೀರು ಹಿಮ್ಮಡಿ ಸುತ್ತ ತಿರುಗಿತು. ಎಡ ಎಂದು ಬಾಯಿಂದ ಅಂದಾಗಲೆಲ್ಲ ಅವಳ ಕೈ ಬಲಕ್ಕೇ ಹೋಗುತ್ತಿತ್ತು. ಆಳುಗಳ ಎಡ ಅದು, ಅವರಿಗೆ ಸರಿಯಾಗಿಯೇ ತಿಳಿಯುತ್ತಿತ್ತು. ಬೀಜ ಇಡುವಾಗಲೂ ಕೈ ಅದೇ ದಾರಿ ಹಿಡಿದಿತ್ತು. ನಂಬಿದ ಹುಡುಗಿ ಹಾಗೇ ಇಡಲು ಕಲಿತು, ಉತ್ತರವನ್ನು ಮಾತ್ರ ತನ್ನ ಎಡ-ಬಲ ನೋಡಿ ಬರೆದಿದ್ದಳು.

"ತಪ್ಪು ನಂದು ಬೇ" ಎಂದಳು. "ಒಗಟು ಬರದಾವ ಬದುವಿನ ಮ್ಯಾಲ ನಿಂತಿಲ್ಲ. ನೀನೂ ನಿಂದರಬ್ಯಾಡ. ಗದ್ದ್ಯಾಗ ಇಳಿ. ಅವರು ಯಾ ಕಡೆ ಮುಖ ಮಾಡ್ಯಾರೋ ಆ ಕಡೆ ಮುಖ ಮಾಡಿ, ಅವರ ನಡುವ ನಿಂದ್ರು."

ಮಮತಾ ಕಣ್ಣು ಮುಚ್ಚಿ ನಿಂತಳು. ತುಟಿ ಅಲುಗಿತು. ಅಲ್ಲೇ, ಕೆಸರಿನಲ್ಲೇ, ಒಂಬತ್ತು ಪ್ರಶ್ನೆಗಳನ್ನೂ ಮತ್ತೆ ಬಿಡಿಸಿದಳು.

ಡಿಸೆಂಬರಿನಲ್ಲಿ ಪರೀಕ್ಷೆ ಮುಗಿಸಿ ಬಂದವಳು ಹೇಳಿದ್ದು ಇಷ್ಟೇ: "ಬೆಂಚಿನ ಕೆಳಗ ಚಪ್ಪಲಿ ಬಿಚ್ಚಿ ಕುಂತಿದ್ದೆ ಆಯಿ. ಕಾಲಿಗೆ ನೀರು ಹತ್ತಿದಂಗ ಆತು." ಅವಳ ಹೆಸರು ಪಟ್ಟಿಯಲ್ಲಿ ಬಂದ ದಿನ ಸಿದ್ದರಾಮ ಕುರಿ ಬಿಟ್ಟು ವಳಕಮದಿನ್ನಿಗೆ ನಡೆದೇ ಬಂದ. ಯಮನೂರಮ್ಮನ ಕಟ್ಟೆಯ ಮೇಲೆ ಒಂದು ತಂಬಿಗೆ ಹಾಲಿಟ್ಟು ಹೋದ.

ಮುಂದಿನ ವರ್ಷ ಕೆನಾಲಿಗೆ ನೀರು ಬಿಡುವ ಸುದ್ದಿ ಹಬ್ಬಿದಾಗ ಮಮತಾ ದೂರದ ಕಾಲೇಜಿಗೆ ಹೊರಟಳು. ತುರ್ವಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ಯಮನೂರಮ್ಮ ಆರು ಹುಣಸೆಬೀಜಗಳನ್ನು ಅವಳ ಕೈಗಿಟ್ಟಳು. ಬಸ್ಸು ಹೊರಳಿತು. ಹುಡುಗಿ ಕಿಟಕಿಯಿಂದ ತಲೆ ಹೊರಹಾಕಿ, ಧೂಳಿನೊಳಗಿಂದ ಕೂಗಿದಳು:

"ಆಯಿ, ಹುಲಿಗೆಮ್ಮನ ಎಡಕ್ಕ ಈ ಸಲ ಯಾರನ್ನ ನಿಂದರ್ಸ್ತಿ?"