ವಿಟಮಿನ್ ಸೀಸೆ ಮತ್ತು ನನ್ನ ಅತ್ಯುತ್ತಮ ನಟಿ ಕಪ್

ಮೊನ್ನೆ ಗಲ್ಫ್‌ನ ಐನ್ ಖಾಲಿದ್ ಬಡಾವಣೆಯ ನಮ್ಮ ಮನೆಯ ಟಿವಿಯಲ್ಲಿ, ಹುಚ್ಚನ ಪಾತ್ರಕ್ಕೆ ಪ್ರಶಸ್ತಿ ಪಡೆದ ನಟನೊಬ್ಬ ಕಣ್ಣೊರೆಸಿಕೊಳ್ಳುತ್ತಿದ್ದ. ಆ ಪಾತ್ರದಿಂದ ಹೊರಬರಲು ಆತನಿಗೆ ಆರು ತಿಂಗಳು ಬೇಕಾಯಿತಂತೆ. ಪಾಪ! ನಿಜವಾದ ಕಾಯಿಲೆಯವರು ಹೊರಬಂದರೆ ಯಾರೂ ಕೆಂಪುಗಂಬಳಿ ಹಾಸುವುದಿಲ್ಲ. ನಿಮಗೆ ನಗು ಬಂದರೆ ನನ್ನನ್ನೂ ಸೇರಿಸಿಕೊಂಡೇ ನಗಿ; ಟಿವಿಯ ಪಕ್ಕದಲ್ಲೇ ನನ್ನದೂ ಒಂದು ಕಪ್ ಧೂಳು ಹಿಡಿದು ಕೂತಿತ್ತು.

ಕೆಲವು ವರ್ಷಗಳ ಹಿಂದೆ ಇಲ್ಲಿಯ ಕನ್ನಡಿಗರ ಸಂಘದ ನಾಟಕ ಸ್ಪರ್ಧೆಯಲ್ಲಿ ನಾನು ಹುಚ್ಚಿಯಾಗಿದ್ದೆ. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವೀಧರೆ. ಆದರೂ ನನ್ನ ಅಧ್ಯಯನವೆಲ್ಲ ಕೂದಲು ಕೆದರಿಸಿಕೊಳ್ಳುವಲ್ಲಿಗೆ ಮುಗಿದಿತ್ತು. ಕೆದರಿದವರು ಪಕ್ಕದ ಮನೆಯ ಫಿಲೋಮಿನಾ ಆಂಟಿ. ಉಡುಪಿ ಕಡೆಯವರು, ಕಚೇರಿಯೊಂದರಲ್ಲಿ ಗುಮಾಸ್ತೆ. ನಮ್ಮ ನಾಟಕಗಳಿಗೆಲ್ಲ ಅವರದೇ ಮೇಕಪ್ಪು.

"ಇನ್ನೂ ಕೆದರಿ ಆಂಟಿ, ಹುಚ್ಚಿ ಅಂತ ಗೊತ್ತಾಗ್ಬೇಕಲ್ಲ!" ಎಂದವಳು ನಾನೇ. ಅವರು ಮಾತಾಡದೆ ಕೆದರಿದರು. ವೇದಿಕೆಯಲ್ಲಿ ನಾನು ಕಣ್ಣು ತಿರುಗಿಸಿದೆ, ಹೊರಳಾಡಿ ನಕ್ಕೆ. "ಹುಚ್ಚು ಅಂದ್ರೆ ಹೀಗಿರ್ಬೇಕು!" ಎಂದು ತೀರ್ಪುಗಾರರು ಹೊಗಳಿದರು, ಯಾವುದೋ ಒಳ್ಳೆಯ ಹೋಟೆಲನ್ನು ಶಿಫಾರಸು ಮಾಡುವಂತೆ.

ಮರುದಿನ ಕಪ್ ತೋರಿಸಲು ಹೋದಾಗ ಆಂಟಿ ಹಪ್ಪಳದ ಡಬ್ಬದೊಳಗಿಂದ ವಿಟಮಿನ್ ಸೀಸೆ ತೆಗೆದು ಮಾತ್ರೆ ನುಂಗುತ್ತಿದ್ದರು.

"ಇದು ವಿಟಮಿನ್ ಅಲ್ಲ ಮಾರಾಯ್ತಿ, ತಲೆಯ ಮದ್ದು," ಎಂದರು. "ಆಸ್ಪತ್ರೆಗೆ ಹೋಗುವಾಗ ನಮ್ಮ ಕನ್ನಡದವರೇ ಯಾರಾದ್ರೂ ನೋಡಿಬಿಡ್ತಾರೆ ಅಂತ ಹೆದರಿಕೆ. ಆಫೀಸಿಗೆ ಗೊತ್ತಾದ್ರೆ ಖಲಾಸ್."

"ಹಾಗಾದ್ರೆ ನಿನ್ನೆ ಯಾಕೆ ಸುಮ್ಮನಿದ್ರಿ?"

"ಮತ್ತೆ ಎಂತ ಹೇಳುದು? ಹುಚ್ಚಿಗೂ ತಲೆ ಬಾಚ್ಲಿಕ್ಕೆ ಬರ್ತದೆ ಅಂತಲಾ?" ಎಂದು ನಕ್ಕರು. "ನಾನು ದಿನಾ ಏಳಕ್ಕೆ ಆಫೀಸಲ್ಲಿ ಇರ್ತೇನೆ. ಅದನ್ನು ಆಕ್ಟಿಂಗ್ ಮಾಡಿದ್ರೆ ನಿನಗೆ ಕಪ್ ಸಿಕ್ತಿತ್ತಾ?"

ಮನಶ್ಶಾಸ್ತ್ರದ ಪದವೀಧರೆ ಕಪ್ಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದಳು.

ಈ ವರ್ಷ ಸಂಘದ ಕಾರ್ಯದರ್ಶಿ ಅದೇ ಪಾತ್ರಕ್ಕೆ ಕರೆದರು. ನಾನೊಂದು ದೃಶ್ಯ ಬರೆದು ಕಳಿಸಿದೆ: ಹೆಂಗಸೊಬ್ಬಳು ತಲೆ ಬಾಚಿ, ಮಾತ್ರೆ ನುಂಗಿ, ಕೆಲಸಕ್ಕೆ ಹೋಗುತ್ತಾಳೆ. "ಇದ್ರಲ್ಲಿ ಆಕ್ಟಿಂಗ್ ಎಲ್ಲುಂಟು ಮಾರಾಯ್ರೆ?" ಎಂದರು.

ಬರೆದವರು, ಬಹುಮಾನ ಕೊಟ್ಟವರು, ಚಪ್ಪಾಳೆ ತಟ್ಟಿದವರು ಉತ್ತರಿಸಬೇಕು: ನಮ್ಮ ನಗು, ಚಪ್ಪಾಳೆಯ ಸದ್ದಿಗೆ ಹೆದರಿ ಯಾರು ಯಾವ ಡಬ್ಬದಲ್ಲಿ ಏನನ್ನು ಅಡಗಿಸಿಟ್ಟರು? ಮೊದಲ ಉತ್ತರ ನನ್ನದು. ಕಾರಣ ಬರೆದು ಕಪ್ಪನ್ನು ಸಂಘಕ್ಕೆ ಹಿಂದಿರುಗಿಸಿದ್ದೇನೆ.

ಈ ಬರಹವನ್ನು ಆಂಟಿಗೆ ಓದಿ ಹೇಳಿದೆ. ಹೆಸರು, ಊರು, ಉದ್ಯೋಗ ಎಲ್ಲ ಬದಲಿಸಿದ್ದೆ. "ಇನ್ನೂ ಬದಲಿಸು," ಎಂದರು. ಬದಲಿಸಿದೆ. ಸೀಸೆಯ ಮೇಲಿನ 'ವಿಟಮಿನ್' ಎಂಬ ಚೀಟಿಯನ್ನು ಮಾತ್ರ ಇದ್ದಂತೆಯೇ ಬಿಟ್ಟಿದ್ದೇನೆ.