ರಾಣಿಯಕ್ಕ ಬರೆದ ರೈಲು

ನಿಮ್ಮ ಚಿತ್ರವನ್ನು ನಿಮ್ಮ ವಾರಗಿತ್ತಿಗೆ ತೋರಿಸಿದವಳು ನಾನು. ಯಾರೂ ಕದ್ದು ನೋಡಲಿಲ್ಲ, ಅದು ಕೈತಪ್ಪಿ ಬೀಳಲೂ ಇಲ್ಲ — ನಾನೇ ಕಪಾಟಿನಿಂದ ತೆಗೆದು, ಸುರುಳಿ ಬಿಡಿಸಿ, ಎರಡೂ ಕೈಗಳಲ್ಲಿ ಎತ್ತಿ ಹಿಡಿದೆ. ನಗುತ್ತಾ ಹಿಡಿದೆ, ರಾಣಿಯಕ್ಕ. ಆ ನನ್ನ ನಗು ನೆನಪಾದಾಗಲೆಲ್ಲ —

ರಾಣಿ ಎಂಬುದು ನಿಮ್ಮ ಹೆಸರಲ್ಲ. ಹೋದ ತಿಂಗಳು ಹಲಗೂರಿನ ಬಸ್ ನಿಲ್ದಾಣದಲ್ಲಿ ನೀವೇ ಆರಿಸಿಕೊಂಡ ಹೆಸರು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ತಪ್ಪು.

ಆಗ ನಾನು ಮನಃಶಾಸ್ತ್ರದ ಸ್ನಾತಕೋತ್ತರ ಪದವಿ ಮುಗಿಸಿ, ಕಲಾಚಿಕಿತ್ಸೆಯ ತರಬೇತಿಯನ್ನೂ ಪಡೆದು, ಲೋಕವನ್ನೇ ಗುಣಪಡಿಸುವ ಹುಮ್ಮಸ್ಸಿನಲ್ಲಿದ್ದೆ. ಮದ್ದೂರಿನಿಂದ ಪ್ರತಿ ಶನಿವಾರ ಬಸ್ಸು ಹತ್ತಿ ಮಳವಳ್ಳಿಗೆ ಬರುತ್ತಿದ್ದೆ. ಅಲ್ಲಿ ಒಂದು ಟ್ರಸ್ಟಿನ ಮಹಡಿಯ ಕೋಣೆ. ನೆಲದ ಮೇಲೆ ಜಮಖಾನ, ಅದರ ಮೇಲೆ ಬಣ್ಣ, ಹಾಳೆ, ಸುತ್ತ ಏಳೆಂಟು ಹೆಂಗಸರು. ಮಾತಿನಲ್ಲಿ ಹೇಳಲಾಗದ್ದನ್ನು ಕೈ ಹೇಳಲಿ ಎಂಬುದಷ್ಟೇ ನಮ್ಮ ಕೆಲಸದ ತಿರುಳು. ಚೆಂದ ಬರೆಯಬೇಕಿಲ್ಲ. ಬರೆದವರು ಬೇಕಾದರೆ ಅದರ ಬಗ್ಗೆ ಮಾತಾಡಬಹುದು, ಬೇಡವಾದರೆ ಮಡಚಿಡಬಹುದು. ಮೊದಲ ದಿನ ನಾನು ಎಲ್ಲರಿಗೂ ಕೊಟ್ಟ ಮಾತು ಒಂದೇ: "ಇಲ್ಲಿ ಬರೆದದ್ದು ಇಲ್ಲೇ ಇರುತ್ತದೆ."

ಎಂಥ ದಿನಗಳು ಅವು! ಮೆಕ್ಯಾನಿಕ್ ಅಂಗಡಿಯವರ ಮನೆಯ ಶಾಹಿದಾಬಿ — ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ — ವಾರವಾರವೂ ಕುಕ್ಕರನ್ನೇ ಬರೆಯುತ್ತಿದ್ದರು. "ಅಲ್ಲಾ ಮೇಡಂ, ಮೂರು ಸೀಟಿ ಆದ್ಮೇಲೂ ಕೋಪ ಇಳೀಲಿಲ್ಲ ಅಂದ್ರೆ ಏನ್ ಮಾಡೋದು?" ಎಂದು ಕೇಳಿ ಕೋಣೆಯನ್ನೆಲ್ಲ ನಗಿಸಿದವರು, ಅದೇ ಕುಕ್ಕರಿಗೆ ಕೆಂಪು ಹಚ್ಚುತ್ತಾ ಹಚ್ಚುತ್ತಾ ಬಿಕ್ಕಿ ಅತ್ತರು, ಅತ್ತು ಮುಗಿಸಿ, "ಈಗ ಗೊತ್ತಾಯ್ತು, ಇದು ಗಂಡನ ಮೇಲಿನ ಕೋಪ ಅಲ್ಲ, ನಮ್ಮಮ್ಮನ ಮೇಲಿಂದು" ಎಂದರು. ನಾನು ಒಂದು ಮಾತನ್ನೂ ಹೇಳಿರಲಿಲ್ಲ! ಹಾಳೆ ಕೇಳಿತ್ತು, ಕೈ ಉತ್ತರ ಕೊಟ್ಟಿತ್ತು. ಆ ಸಂಜೆ ಬಸ್ಸಿನಲ್ಲಿ ನನಗೆ ಕೂರಲಾಗಲಿಲ್ಲ, ಸೀಟು ಖಾಲಿಯಿದ್ದರೂ ಮದ್ದೂರಿನವರೆಗೆ ನಿಂತೇ ಬಂದೆ.

ಮತ್ತೆ ನೀವು. ಗಂಡ ತೀರಿಕೊಂಡ ಮೇಲೆ ಮೈದುನನ ಮನೆಯಲ್ಲಿದ್ದವರು. ಹಲಗೂರಿನಿಂದ ನಿಮ್ಮನ್ನು ಕರೆತರುತ್ತಿದ್ದ ವಾರಗಿತ್ತಿ ಬಾಗಿಲಲ್ಲೇ ಹೇಳಿದ್ದರು: "ಮಾತೇ ಆಡಕಿಲ್ಲ ಕಣಮ್ಮ ಇವ್ಳು. ಮಂಕು ಬಡದಂಗವ್ಳೆ. ಏನಾರ ಮಾಡು." ನೀವು ಕಪ್ಪು ಕ್ರೇಯಾನನ್ನು ಹಾಳೆಗೆ ಒತ್ತಿ ಒತ್ತಿ ಮುರಿದಿರಿ. ಎಷ್ಟೋ ವಾರ ಬರೀ ಗೆರೆ. ಆಮೇಲೆ ಒಂದು ಮನೆ, ಬಾಗಿಲಿಲ್ಲದ ಮನೆ. ಮತ್ತೊಂದು ವಾರ ಅದಕ್ಕೆ ಕಿಟಕಿ ಬಂತು. ನಾನು ಕಾದೆ.

ಆ ಶನಿವಾರ ನೀವು ದೊಡ್ಡ ಹಾಳೆ ಕೇಳಿದಿರಿ. ಬಾಯಿಬಿಟ್ಟು ಕೇಳಿದಿರಿ! "ಇದು ಸಾಲ್ದು ಕಣವ್ವ, ದೊಡ್ಡದು ಕೊಡು." ಹಳದಿ ಬಳಿದಿರಿ, ಹಸಿರು ಬಾಗಿಲೊಂದನ್ನು ತೆರೆದಿಟ್ಟಿರಿ, ಬಾಗಿಲಲ್ಲಿ ತಲೆತುಂಬ ಮಲ್ಲಿಗೆ ಮುಡಿದ ಹೆಂಗಸು, ಕೈತುಂಬ ಬಳೆ. ಮನೆಯ ಹಿಂದೆ ಉದ್ದಕ್ಕೂ ಒಂದು ರೈಲು. ಅದರ ಕಿಟಕಿಗಳನ್ನು ಒಂದೊಂದಾಗಿ ಬರೆಯುವಾಗ ನೀವು ನಗುತ್ತಿದ್ದಿರಿ. ನಿಮ್ಮ ಹಲ್ಲನ್ನು ನಾನು ನೋಡಿದ್ದು ಅದೇ ಮೊದಲು.

ತರಬೇತಿಯಲ್ಲಿ ನನಗೆ ಹೇಳಿಕೊಟ್ಟದ್ದು ಒಂದೇ ಪ್ರಶ್ನೆ — "ಈ ಚಿತ್ರದ ಬಗ್ಗೆ ಹೇಳುತ್ತೀರಾ?" ಆ ದಿನ ನಾನು ಅದನ್ನು ಕೇಳಲಿಲ್ಲ. ಏಕೆಂದರೆ ನನಗೆ ಎಲ್ಲವೂ ಗೊತ್ತಿತ್ತು! ಹಳದಿ ಎಂದರೆ ಚೇತರಿಕೆ. ಮಲ್ಲಿಗೆ, ಬಳೆ ಎಂದರೆ ಗಂಡನೊಂದಿಗೆ ಕಳೆದ ಒಳ್ಳೆಯ ದಿನಗಳ ನೆನಪು. ರೈಲು ಎಂದರೆ ಬದುಕಿನ ಪಯಣ. ರೈಲಿನ ಸದ್ದು ಕೇಳುತ್ತಲೇ ಮದ್ದೂರಿನಲ್ಲಿ ಬೆಳೆದವಳು ನಾನು; ನನಗೇ ಅದು ರೈಲಾಗಿ ಕಾಣಲಿಲ್ಲ.

ನೀವು ಹಾಳೆಯನ್ನು ಸುರುಳಿ ಸುತ್ತಿ ಕಪಾಟಿನಲ್ಲಿಟ್ಟು ಕೈ ತೊಳೆಯಲು ಹೋದಿರಿ. ವಾರಗಿತ್ತಿ ಮೆಟ್ಟಿಲು ಹತ್ತಿ ಬಂದರು. "ಏನಾರ ಸುಧಾರಿಸವ್ಳಾ?" ಎಂದರು. ಆಗ ನಾನು — ಹೇಳಲು ಒಂದು ಮಾತು ಸಾಕಿತ್ತು, ಹೌದು ಎಂದಿದ್ದರೆ ಮುಗಿಯುತ್ತಿತ್ತು — ಚಿತ್ರವನ್ನು ಬಿಡಿಸಿ ಹಿಡಿದು, "ನೋಡಿ ಅಕ್ಕ, ಎಷ್ಟು ಖುಷಿಯಾಗಿದ್ದಾರೆ! ಹಳೆಯ ಮನೆ, ಹಳೆಯ ದಿನಗಳನ್ನು ನೆನೆಸಿಕೊಂಡಿದ್ದಾರೆ!" ಎಂದೆ.

ಅವರು ಹತ್ತಿರ ಬಂದು ರೈಲಿನ ಮೇಲೆ ಬೆರಳಿಟ್ಟರು.

"ಇದು ನಮ್ಮನೆ ಅಲ್ಲ ಕಣಮ್ಮ," ಎಂದರು. "ನಮ್ಮೂರ್ಗೆ ರೈಲು ಎಲ್ಲಿಂದ ಬತ್ತದೆ? ಇದು ಯಲಿಯೂರು, ಅವಳ ತವ್ರು. ಅಸುರು ಬಾಗ್ಲು ಆ ಪಂಪ್‌ಸೆಟ್ ರಿಪೇರಿಯವನ ಮನೇದು. ಎಂಡ್ತಿ ಸತ್ತವನು. ಅವನ ಬಾಗ್ಲಲ್ಲಿ ಊವ ಮುಡ್ಕಂಡು ನಿಂತವ್ಳೆ, ನೋಡು."

ಒಬ್ಬ ವಿಧವೆ ಮತ್ತೆ ಮದುವೆಯಾಗುವ ಆಸೆಯನ್ನು, ಯಾರಿಗೂ ಹೇಳದ ಆಸೆಯನ್ನು, ಮೊದಲ ಸಲ ಹಾಳೆಯ ಮೇಲೆ ಇಟ್ಟಿದ್ದಳು. ಅದು ನೆನಪಾಗಿರಲಿಲ್ಲ, ನಾಳೆಯಾಗಿತ್ತು. ಆ ನಾಳೆಯನ್ನು ಯಾರಿಂದ ಮುಚ್ಚಿಟ್ಟಿದ್ದಳೋ ಅವರ ಕೈಗೇ ನಾನು ಒಪ್ಪಿಸಿದ್ದೆ.

ಮುಂದಿನ ಶನಿವಾರ ನೀವು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ನಾನು ಊರಿಗೆ ಹುಡುಕಿಕೊಂಡು ಬಂದಾಗ ವಾರಗಿತ್ತಿ ಹೊಸಿಲ ಮೇಲೆ ನಿಂತೇ ಮಾತಾಡಿದರು: "ಉಸಾರಾಗವ್ಳೆ, ಇನ್ ಬರೋದು ಬ್ಯಾಡ. ನಮ್ಮನೆಯೋರು ಯಲಿಯೂರ್ಗೋಗಿ ಅವನ್ಗೂ ಬುದ್ಧಿ ಯೋಳಿ ಬಂದವ್ರೆ." ಅವರ ಹೆಗಲ ಹಿಂದೆ ನೀವಿದ್ದಿರಿ. ಬೈಯುತ್ತೀರಿ ಎಂದುಕೊಂಡೆ. ನೀವು ಕೇಳಿದ್ದು ಇಷ್ಟೇ:

"ನಾನು ರೈಲು ಬರೀಬಾರ್ದಿತ್ತಾ, ಕಣವ್ವ?"

ಬರೆದದ್ದು ನಿಮ್ಮ ತಪ್ಪಲ್ಲ, ತೋರಿಸಿದ್ದು ನನ್ನ ತಪ್ಪು ಎನ್ನಬಹುದಿತ್ತು. ಬಸ್ಸಿಗೆ ಹೊತ್ತಾಯಿತೆಂದು ಬಂದುಬಿಟ್ಟೆ. ನನ್ನ ಎರಡನೆಯ ತಪ್ಪು ಅದು, ಮೊದಲನೆಯದಕ್ಕಿಂತ ದೊಡ್ಡದು.

ಮೂರನೆಯದೂ ಇದೆ. ನಡೆದದ್ದನ್ನು ಟ್ರಸ್ಟಿನ ಮೇಲ್ವಿಚಾರಕರಿಗೆ ಹೇಳಿದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, "ಬಿಡಿ ಮೇಡಂ, ಅದು ಫ್ಯಾಮಿಲಿ ಮ್ಯಾಟರ್. ಚಿತ್ರ ಮಾತ್ರ ಸೂಪರ್, ಕವರ್ ಪೇಜಿಗೆ ಹಾಕೋಣ," ಎಂದರು. ಹಾಕಿದರು. ನಿಮ್ಮ ಮಲ್ಲಿಗೆ, ನಿಮ್ಮ ಹಸಿರು ಬಾಗಿಲು ಟ್ರಸ್ಟಿನ ಕೈಪಿಡಿಯ ಮುಖಪುಟವಾಯಿತು. ಕೆಳಗೆ "ಮತ್ತೆ ಅರಳಿದ ಬದುಕು" ಎಂಬ ಸಾಲು. ಆ ಸಾಲನ್ನು ಬರೆದುಕೊಟ್ಟವಳೂ ನಾನೇ. ಕಾಲೇಜಿನ ವೇದಿಕೆಗಳಲ್ಲಿ ಅಧಿಕಾರದಲ್ಲಿದ್ದವರನ್ನೆಲ್ಲ ಉತ್ತರ ಕೊಡಿ ಎಂದು ಗದರಿಸಿದ ಇದೇ ಬಾಯಿ, ಇದೇ ಕೈ!

ಮೂರು ವರ್ಷ ಸುಮ್ಮನಿದ್ದೆ. ಹೋದ ತಿಂಗಳು ಹಲಗೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಕಲ್ಲುಬೆಂಚಿನ ಮೇಲೆ ನೀವು. ಓಡಿಹೋಗೋಣ ಎನಿಸಿತು. ನೀವೇ ಕರೆದಿರಿ: "ಏನವ್ವ, ಇನ್ನೂ ಬಣ್ಣ ಹಚ್ಚುಸ್ತಾ ಇದೀಯಾ?"

ಅಲ್ಲೇ ಎಲ್ಲವನ್ನೂ ಹೇಳಿದೆ. ಕೈಪಿಡಿಯ ವಿಷಯವನ್ನೂ. ನೀವು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಿರಿ. "ನಂಗೊತ್ತಿತ್ತು ನೀನೇ ಅಂತ. ನೀನು ಬಂದು ಯೋಳ್ಲಿ ಅಂತ ಇದ್ದೆ," ಎಂದಿರಿ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಇದನ್ನು ಬರೆಯಲೇ, ಊರು ಹೆಸರು ಎಲ್ಲ ಬದಲಿಸಿ — ಎಂದೆ.

"ಎಸ್ರು ಬದ್ಲಾಯ್ಸು. ಊರು ಅಂಗೇ ಮಡುಗು. ಓದೋರು ಓದ್ಲಿ."

"ಏನು ಹೆಸರಿಡಲಿ?"

"ರಾಣಿ ಅನ್ನು," ಎಂದು ನಕ್ಕಿರಿ. ಅದೇ ಹಲ್ಲು! ಅದೇ ನಗು! ಹಾಳೆಯೊಂದೇ ನನ್ನ ಕೈಯಿಂದ ಹಾಳಾಗಿತ್ತು, ಅದನ್ನು ಬರೆದ ಕೈ ಇನ್ನೂ ಜೀವಂತವಾಗಿತ್ತು.

ಕಳೆದ ವಾರ ಟ್ರಸ್ಟಿನ ಸಭೆಯಲ್ಲಿ ಎದ್ದು ನಿಂತೆ. ನಿಮ್ಮ ಹೆಸರೆತ್ತದೆ ನನ್ನ ಮೂರು ತಪ್ಪುಗಳನ್ನೂ ಹೇಳಿದೆ. ಕೈಪಿಡಿಯನ್ನು ವಾಪಸು ತೆಗೆದುಕೊಳ್ಳಿ ಎಂದೆ. ನಮ್ಮ ಮುಂದೆ ಮನಸ್ಸು ಬಿಚ್ಚಿದವರಿಗೆ ನಮ್ಮಲ್ಲಿ ಯಾರು ಉತ್ತರದಾಯಿ ಎಂದು ಕೇಳಿದೆ. "ನಿಮ್ಮ ಹೆಸರೇ ಕೆಡುತ್ತೆ ಮೇಡಂ," ಎಂದರು. ಕೆಡಲಿ. ಕೆಡಬೇಕಾದದ್ದೇ. ಉತ್ತರ ಬರುವವರೆಗೆ ಪ್ರತಿ ಸಭೆಯಲ್ಲೂ ಕೇಳುತ್ತೇನೆ. ನಿಮ್ಮ ಮೂಲ ಚಿತ್ರ ಈಗ ಟ್ರಸ್ಟಿನ ಕಪಾಟಿನಲ್ಲಿಲ್ಲ. ಅದು ನಿಮ್ಮದು, ನಿಮ್ಮ ಬಳಿಯೇ ಇದೆ.

ಇನ್ನೊಂದು ಉಳಿಯಿತು. ಅಂದು ಬಸ್ಸು ಬರುವ ಮುಂಚೆ, ಯಲಿಯೂರಿನ ವಿಷಯ ಏನಾಯಿತು ಎಂದು ನಾನು ಕೇಳಲು ಬಾಯಿ ತೆರೆದು ಮುಚ್ಚಿಕೊಂಡೆ. ನೀವು ಅದನ್ನು ನೋಡಿದಿರಿ. ಆಚೀಚೆ ಕಣ್ಣಾಡಿಸಿ, ಕಲ್ಲುಬೆಂಚಿನ ಧೂಳಿನ ಮೇಲೆ ತೋರುಬೆರಳಿನಿಂದ ಏನನ್ನೋ ಬರೆದಿರಿ. ಈ ಸಲ ನಾನು ಕೇಳಿದೆ: "ಇದರ ಬಗ್ಗೆ ಹೇಳುತ್ತೀರಾ?" ನೀವು ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಿರಿ, ಆಮೇಲೆ ಅಂಗೈಯಿಂದ ಧೂಳನ್ನು ಒರೆಸಿಬಿಟ್ಟಿರಿ.

ಅಲ್ಲಿ ಏನಿತ್ತು ಎಂಬುದನ್ನು ನಾನು ಯಾರಿಗೂ ಹೇಳುವುದಿಲ್ಲ.